ನ್ಯಾನ್ಸಿ ಹಾಕಿದ ಗೀಟು

ಅಬ್ರಹಾಂ ಲಿಂಕನ್ನನ ಪಾಠ ಮಾಡದ ಇತಿಹಾಸದ ಶಿಕ್ಷಕಿಯರು ಇರಲಿಕ್ಕಿಲ್ಲ. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದ, ಒಲೆಯ ಬೆಳಕಿನಲ್ಲಿ ಓದಿದ, ಕಡೆಗೆ ಅಮೆರಿಕದ ಅಧ್ಯಕ್ಷನಾದ ಎಂದು ಹೇಳಿ ನಾವು ಗುಲಾಮಗಿರಿಯ ವಿಮೋಚನೆಗೆ ಹೋಗಿಬಿಡುತ್ತೇವೆ. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಅವರಪ್ಪ ಯಾಕೆ ಮತ್ತೆ ಮತ್ತೆ ಮನೆ ಬದಲಾಯಿಸ್ತಿದ್ದ? ಅವರದ್ದೂ ಬಾಡಿಗೆ ಮನೆಯಾ?" ಎಂದು ಕೇಳಿದಳು. ತರಗತಿ ಗೊಳ್ಳೆಂದು ನಕ್ಕಿತು. ನನಗೇನೋ ಅದು ನಗುವ ಪ್ರಶ್ನೆಯಾಗಿ ಕಾಣಲಿಲ್ಲ. ಹುಡುಗ ಏಳು ವರ್ಷದವನಾಗುವಷ್ಟರಲ್ಲಿ ಕೆಂಟಕಿಯಲ್ಲೇ ಎರಡು ಮನೆ ಕಂಡಿದ್ದ, ಏಳಕ್ಕೆ ಇಂಡಿಯಾನಾಕ್ಕೆ ಹೋದ, ಇಪ್ಪತ್ತೊಂದಕ್ಕೆ ಇಲಿನಾಯ್‌ಗೆ. ಸುಮ್ಮಸುಮ್ಮನೆ ಯಾರು ಕಟ್ಟಿದ ಮನೆ ಬಿಟ್ಟು, ಕಡಿದು ಹಸನು ಮಾಡಿದ ಹೊಲ ಬಿಟ್ಟು ಹೋಗುತ್ತಾರೆ?

ಇದಕ್ಕೆ ಲಿಂಕನ್ನನೇ ಉತ್ತರ ಕೊಟ್ಟಿದ್ದಾನೆ. 1860ರಲ್ಲಿ ಚುನಾವಣೆಗೆ ನಿಂತಾಗ ಬರೆದುಕೊಟ್ಟ ಪುಟ್ಟ ಆತ್ಮಕಥನದಲ್ಲಿ ತಂದೆ ಕೆಂಟಕಿ ಬಿಟ್ಟದ್ದು ಸ್ವಲ್ಪಮಟ್ಟಿಗೆ ಅಲ್ಲಿಯ ಗುಲಾಮಗಿರಿಯ ಕಾರಣದಿಂದ, ಮುಖ್ಯವಾಗಿ ಜಮೀನಿನ ಹಕ್ಕುಪತ್ರದ ತಾಪತ್ರಯದಿಂದ ಎಂದಿದ್ದಾನೆ. ಆ ತಾಪತ್ರಯದ ಎಳೆ ಹಿಡಿದು ಹೊರಟರೆ ಅದೊಂದು ದೊಡ್ಡ ಕಥೆ. ಅದರಲ್ಲಿ ಗಂಡಸರು ಕೊಂಡರು, ಅಳೆದರು, ಕಳೆದುಕೊಂಡರು, ಕೋರ್ಟು ಹತ್ತಿದರು. ಹೆಂಗಸರ ಹೆಸರು ಕಾಗದದಲ್ಲಿ ಬರುವುದೇ ಅಪರೂಪ. ಬಂದಾಗಲೂ ಹೆಚ್ಚಾಗಿ ನೆಲ ಕೈಬಿಟ್ಟು ಹೋಗುವ ದಿನ.

ಮೊದಲು ಆ ನೆಲ ಯಾರದಾಗಿತ್ತು ಎಂಬುದನ್ನು ಹೇಳಬೇಕು. ಅಪಲೇಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಹೋಗಿ ನೆಲಸಬಾರದೆಂದು ಬ್ರಿಟಿಷ್ ದೊರೆ 1763ರಲ್ಲಿ ಘೋಷಣೆ ಹೊರಡಿಸಿದ್ದ. ಕಾಗದದ ಮೇಲಿನ ಗೆರೆಯನ್ನು ಯಾರು ಕೇಳುತ್ತಾರೆ? ಐದೇ ವರ್ಷದಲ್ಲಿ, 1768ರ ಫೋರ್ಟ್ ಸ್ಟ್ಯಾನ್ವಿಕ್ಸ್ ಒಪ್ಪಂದದಲ್ಲಿ, ಇರೋಕ್ವಾ ಜನರು ಒಹಾಯೋ ನದಿಯ ದಕ್ಷಿಣದ ನೆಲವನ್ನು ಬಿಟ್ಟುಕೊಟ್ಟರು. ಅಲ್ಲಿ ಬೇಟೆಯಾಡಿ ಬದುಕುತ್ತಿದ್ದವರು ಷಾನೀ ಜನರು. ಅವರನ್ನು ಯಾರೂ ಕೇಳಲಿಲ್ಲ. 1775ರಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ಭೂವ್ಯಾಪಾರಿ ಸಿಕಮೋರ್ ಷೋಲ್ಸ್ ಎಂಬಲ್ಲಿ ಚೆರೋಕಿ ಮುಖಂಡರಿಗೆ ಸರಕು ಸರಂಜಾಮು ಕೊಟ್ಟು ಇಂದಿನ ಕೆಂಟಕಿಯ ಬಹುಭಾಗವನ್ನು 'ಕೊಂಡ'. ಡ್ರ್ಯಾಗಿಂಗ್ ಕನೂ ಎಂಬ ಯುವಕ ಅದನ್ನು ಒಪ್ಪದೆ ಸಭೆಯಿಂದ ಹೊರನಡೆದ. ಮೂರು ವರ್ಷದ ಮೇಲೆ ವರ್ಜೀನಿಯಾ ಸರ್ಕಾರ, ಖಾಸಗಿಯವರು ಹೀಗೆ ಕೊಳ್ಳುವುದು ಸಲ್ಲದೆಂದು ಹೆಂಡರ್ಸನ್ನನ ಕ್ರಯವನ್ನು ರದ್ದು ಮಾಡಿತು. ಹಾಗೆಂದು ನೆಲವನ್ನು ಚೆರೋಕಿಗಳಿಗೆ ಹಿಂದಿರುಗಿಸಲಿಲ್ಲ, ತಾನೇ ಇಟ್ಟುಕೊಂಡಿತು.

ಚೆರೋಕಿಗಳಲ್ಲಿ ಮನೆ, ಹೊಲ ಎರಡೂ ತಾಯಿಯ ಕುಲಕ್ಕೆ ಸೇರಿದವು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಿದ್ದ. ಜೋಳ, ಹುರುಳಿ, ಕುಂಬಳ ಬೆಳೆಯುತ್ತಿದ್ದವರು ಹೆಂಗಸರು. ಅಳಿಯಸಂತಾನದ ಮನೆತನಗಳನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಹೆಂಗಸರದು, ಒಪ್ಪಂದದ ಕಾಗದಕ್ಕೆ ಗುರುತು ಹಾಕಿದವರು ಗಂಡಸರು.

ಇನ್ನು ವರ್ಜೀನಿಯಾ ಸರ್ಕಾರ ಆ ನೆಲವನ್ನು ಹಂಚಿದ ಬಗೆ ನೋಡಿ. ಕೆಂಟಕಿ ಆಗ, ಅಂದರೆ 1792ರವರೆಗೆ, ವರ್ಜೀನಿಯಾದ ಭಾಗ. 1779ರ ಭೂ ಕಾಯಿದೆಯ ಪ್ರಕಾರ 1778ಕ್ಕೆ ಮೊದಲೇ ಅಲ್ಲಿ ಹೋಗಿ ನೆಲೆಸಿದವನಿಗೆ 400 ಎಕರೆ ಸಿಗುತ್ತಿತ್ತು. ಪಕ್ಕದ 1000 ಎಕರೆಯನ್ನು ಮೊದಲು ಕೊಳ್ಳುವ ಹಕ್ಕೂ ಇತ್ತು. ಉಳಿದವರು ಖಜಾನೆಗೆ ಹಣ ಕಟ್ಟಿ ವಾರಂಟು ಪಡೆಯಬೇಕು. ವಾರಂಟು ಎಂದರೆ 'ಇಷ್ಟು ಎಕರೆ' ಎಂದಷ್ಟೇ, ಎಲ್ಲಿ ಎಂದಲ್ಲ. ಕೊಂಡವನೇ ಕಾಡಿಗೆ ಹೋಗಿ ಜಾಗ ಗುರುತಿಸಿ, ಸರ್ವೆಯವನ ಪುಸ್ತಕದಲ್ಲಿ ದಾಖಲು ಮಾಡಿಸಿ, ಅಳತೆ ಮಾಡಿಸಿ, ಆಮೇಲೆ ಗವರ್ನರನ ಹಕ್ಕುಪತ್ರಕ್ಕೆ ಕಾಯಬೇಕು. ವಾರಂಟು, ದಾಖಲೆ, ಮೋಜಿಣಿ, ಹಕ್ಕುಪತ್ರ ಎಂದು ನಾಲ್ಕು ಮೆಟ್ಟಿಲು. ಒಂದರಲ್ಲಿ ಕಾಲು ಜಾರಿದರೂ ನೆಲ ಹೋದಂತೆ. ಇವೆಲ್ಲಕ್ಕೂ ಮುಂಚಿನ ಕಾಲದಲ್ಲಿ ಇನ್ನೂ ಸರಳವಾದ ಕ್ರಮವಿತ್ತು. ನೀರಿನ ಊಟೆಯ ಸುತ್ತಲ ನಾಲ್ಕು ಮರಗಳ ತೊಗಟೆಯನ್ನು ಕೈಗೊಡಲಿಯಿಂದ ಕೆತ್ತಿ ಹೆಸರಿನ ಮೊದಲಕ್ಷರ ಕೊರೆದು, ಇದು ನನ್ನದು ಎನ್ನುವುದು!

ಚಕ್ಕುಬಂದಿಯನ್ನು ಹೇಗೆ ಬರೆಯುತ್ತಿದ್ದರು ಎಂದರೆ, ಹೊಳೆಯ ಕವಲಿನ ಬಳಿಯ ಬಿಳಿ ಓಕ್ ಮರದಿಂದ ಹೊರಟು ಇಂಥ ದಿಕ್ಕಿಗೆ ಇಷ್ಟು ಅಳತೆ ಹೋಗಿ, ಅಲ್ಲಿಯ ಮೇಪಲ್ ಮರದಿಂದ ತಿರುಗಿ, ಮತ್ತೆ ಹೊರಟಲ್ಲಿಗೆ ಎಂದು. ನಮ್ಮ ಹಳೆಯ ಕ್ರಯಪತ್ರಗಳಲ್ಲಿ ಹುಣಿಸೆಮರವೂ ಹಳ್ಳವೂ ಬರುವುದಿಲ್ಲವೆ, ಹಾಗೆಯೇ. ಮರ ಬಿದ್ದುಹೋದರೆ? ಹೊಳೆ ಪಾತ್ರ ಬದಲಿಸಿದರೆ? ಹಾಗಾಗಿಯೇ ಒಂದೇ ನೆಲಕ್ಕೆ ಮೂವರು ನಾಲ್ವರು ಹಕ್ಕುದಾರರು ಹುಟ್ಟಿಕೊಂಡರು. ಸೂರಿನ ಹೆಂಚುಗಳಂತೆ ಒಂದರ ಮೇಲೊಂದು ಹೊದ್ದುಕೊಂಡ ಹಕ್ಕುಗಳು ಎಂದು ಅಲ್ಲಿಯ ಇತಿಹಾಸಕಾರರು ಹೇಳುತ್ತಾರೆ.

ಅಳೆಯುವ ಸಾಧನ ಮಾತ್ರ ಕರಾರುವಾಕ್ಕಾದದ್ದು. ಇಂಗ್ಲಿಷ್ ಗಣಿತಜ್ಞ ಎಡ್ಮಂಡ್ ಗಂಟರ್ 1620ರಲ್ಲಿ ಬಳಕೆಗೆ ತಂದ 66 ಅಡಿಯ ಸರಪಳಿ, ನೂರು ಕೊಂಡಿಗಳು. 80 ಸರಪಳಿಗೆ ಒಂದು ಮೈಲಿ, 10 ಚದರ ಸರಪಳಿಗೆ ಒಂದು ಎಕರೆ. ಇದು ನಮಗೇನು ಪರಕೀಯವಲ್ಲ. ನಮ್ಮ ಪಹಣಿಯಲ್ಲಿ ಬರುವ ಒಂದು ಗುಂಟೆ ಎಂದರೆ 33 ಅಡಿ ಉದ್ದ 33 ಅಡಿ ಅಗಲ, ಅಂದರೆ ಆ ಸರಪಳಿಯ ಅರ್ಧದ ಚೌಕ. ಆ ಒಂದು ಚದರ ಸರಪಳಿ ನಮ್ಮ ಲೆಕ್ಕದಲ್ಲಿ ಸರಿಯಾಗಿ ನಾಲ್ಕು ಗುಂಟೆ. ಅದೇ ಇಂಗ್ಲಿಷರ ಎಕರೆ ಕೆಂಟಕಿಯ ಕಾಡಿಗೂ ಹೋಯಿತು, ನಮ್ಮ ಹೊಲಗಳಿಗೂ ಬಂತು.

ಈ ಗೊಂದಲದಲ್ಲಿ ಬಲಿಯಾದವರಲ್ಲಿ ಬಹಳ ಹೆಸರಾಂತವನು ಡೇನಿಯಲ್ ಬೂನ್. 1775ರಲ್ಲಿ ಕೆಂಟಕಿಗೆ ದಾರಿ ಕಡಿದವನೇ ಅವನು. ಸ್ವತಃ ಸರ್ವೆ ಬಲ್ಲವನು. 1780ರಲ್ಲಿ ತನ್ನ ಹಾಗೂ ನೆರೆಹೊರೆಯವರ ಹಣ ಹಿಡಿದು ವಾರಂಟು ಕೊಳ್ಳಲು ವರ್ಜೀನಿಯಾಕ್ಕೆ ಹೋಗುತ್ತಿದ್ದಾಗ ದಾರಿಯ ಛತ್ರದಲ್ಲಿ ಅಷ್ಟೂ ಹಣ ಕಳವಾಯಿತು. ಇದ್ದ ಜಮೀನುಗಳು ದಾಖಲೆಯ ತಪ್ಪಿನಿಂದ, ವ್ಯಾಜ್ಯದಿಂದ ಒಂದೊಂದಾಗಿ ಹೋದವು. 1799ರಲ್ಲಿ ಬೇಸತ್ತು ಮಿಸೌರಿಗೆ, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ನಾಡಿಗೆ, ಹೊರಟುಹೋದ. ಅಲ್ಲಿ ಸಿಕ್ಕ ನೆಲವೂ ಆಳ್ವಿಕೆ ಬದಲಾದಾಗ ಕೈತಪ್ಪಿತು. 1814ರಲ್ಲಿ ಅಮೆರಿಕದ ಕಾಂಗ್ರೆಸ್ ಕನಿಕರಿಸಿ 850 ಎಕರೆ ಕೊಟ್ಟಿತು. ಅದನ್ನು ಸಾಲಕ್ಕೆ ಮಾರಿದ. ಅವನೊಂದಿಗೆ ಊರಿಂದೂರಿಗೆ ಹೋಗಿ ಹತ್ತು ಮಕ್ಕಳನ್ನು ಹೆತ್ತ ರೆಬೆಕಾ ಅದಕ್ಕೆ ಒಂದು ವರ್ಷ ಮುಂಚೆ ತೀರಿಕೊಂಡಿದ್ದಳು.

ಲಿಂಕನ್ನನ ಅಜ್ಜನ ಹೆಸರೂ ಅಬ್ರಹಾಂ. ವರ್ಜೀನಿಯಾದ ಜಮೀನು ಮಾರಿ, 1780ರಲ್ಲಿ ವಾರಂಟುಗಳನ್ನು ಕೊಂಡು, ಹೆಂಡತಿ ಬಾತ್‌ಷೀಬಾ ಮತ್ತು ಐದು ಮಕ್ಕಳೊಂದಿಗೆ ಕೆಂಟಕಿಗೆ ಬಂದ. ಗುಮಾಸ್ತ ಅವನ ಹೆಸರನ್ನು 'ಲಿಂಕ್‌ಹಾರ್ನ್' ಎಂದು ಬರೆದ; ಅದೇ ಕಾಗುಣಿತ 1785ರ ಮೋಜಿಣಿಯಲ್ಲೂ ಮುಂದುವರಿಯಿತು. ಖಾತೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಎಷ್ಟು ಸಲ ಅಲೆಯಬೇಕೆಂದು ನಮ್ಮಲ್ಲಿ ಗೊತ್ತಿಲ್ಲದವರಾರು?

1786ರ ಮೇ ತಿಂಗಳಲ್ಲಿ ಮೂವರು ಗಂಡುಮಕ್ಕಳೊಂದಿಗೆ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಕಾಡಿನಂಚಿನಿಂದ ಬಂದ ಗುಂಡಿಗೆ ಅವನು ಬಲಿಯಾದ. ಹೊಡೆದವನು ಆ ನೆಲದ ಮೂಲನಿವಾಸಿಗಳಲ್ಲೊಬ್ಬ. ಹಿರಿಯ ಮಗ ಮಾರ್ಡೆಕೈ ಗುಡಿಸಲಿಗೆ ಓಡಿ ಬಂದೂಕು ತಂದು ಅವನನ್ನು ಕೊಂದ. ಎಂಟರ ಆಸುಪಾಸಿನ ಥಾಮಸ್ ತಂದೆಯ ಹೆಣದ ಪಕ್ಕದಲ್ಲೇ ಇದ್ದ. ಈ ಥಾಮಸನೇ ಮುಂದೆ ಅಧ್ಯಕ್ಷನ ತಂದೆ.

ಈ ಸಾವಿನ ಹಿಂದೆ ಒಂದು ತಾರೀಖಿನ ಆಟವಿದೆ. ಉಯಿಲಿಲ್ಲದೆ ಸತ್ತವನ ನೆಲವೆಲ್ಲ ಹಿರಿಯ ಮಗನಿಗೇ ಹೋಗಬೇಕೆಂಬ ಇಂಗ್ಲಿಷ್ ಪದ್ಧತಿಯನ್ನು ವರ್ಜೀನಿಯಾ 1785ರಲ್ಲೇ ತೆಗೆದುಹಾಕಿತ್ತು. ಆದರೆ ಹೊಸ ಕಾಯಿದೆ ಜಾರಿಗೆ ಬಂದದ್ದು 1787ರ ಜನವರಿ 1ರಿಂದ. ಏಳೆಂಟು ತಿಂಗಳ ಅಂತರದಲ್ಲಿ ಥಾಮಸನ ಪಾಲು ಹೋಯಿತು. ಅವನ ತಂಗಿ ಅಕ್ಕಂದಿರದೂ ಹೋಯಿತು, ಆದರೆ ಲಿಂಕನ್ನನ ಚರಿತ್ರೆ ಬರೆಯುವವರು ಥಾಮಸನಿಗಾದ ಅನ್ಯಾಯವನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ. ಮಾರ್ಡೆಕೈ ಜಮೀನ್ದಾರನಾದ, ಥಾಮಸ್ ಬಡಗಿಯ ಕೆಲಸ ಕಲಿತು ಕೂಲಿ ಮಾಡಿದ.

ವಿಧವೆ ಬಾತ್‌ಷೀಬಾಗೆ ಕಾನೂನಿನಲ್ಲಿದ್ದದ್ದು ಒಂದೇ. ಅದರ ಹೆಸರು ಡವರ್. ಮದುವೆಯಾದ ಮೇಲೆ ಗಂಡ ಯಾವ ಯಾವ ನೆಲದ ಒಡೆಯನಾಗಿದ್ದನೋ ಅದರಲ್ಲಿ ಮೂರನೇ ಒಂದು ಭಾಗವನ್ನು ವಿಧವೆ ತಾನು ಬದುಕಿರುವವರೆಗೆ ಅನುಭವಿಸಬಹುದು. ಮಾರುವಂತಿಲ್ಲ, ಮಕ್ಕಳಿಗೆ ಬರೆದುಕೊಡುವಂತಿಲ್ಲ. ಅವಳ ಉಸಿರು ನಿಂತ ದಿನ ಅದು ವಾರಸುದಾರನಿಗೆ ವಾಪಸು. ಗಂಡ ಬದುಕಿರುವಾಗಲಂತೂ ಹೆಂಡತಿಗೆ ಕಾನೂನಿನ ಕಣ್ಣಿನಲ್ಲಿ ಬೇರೆ ಅಸ್ತಿತ್ವವೇ ಇಲ್ಲ. ಅವಳು ಗಳಿಸಿದ್ದು, ತವರಿನಿಂದ ತಂದ ಹಸು, ಹಾಸಿಗೆ ಎಲ್ಲ ಅವನದು.

ಆದರೆ ಈ ಡವರ್‌ಗೆ ಇನ್ನೊಂದು ಮುಖವಿತ್ತು. ಗಂಡ ತನ್ನ ಜೀವಿತಕಾಲದಲ್ಲೇ ನೆಲ ಮಾರಿದರೂ ಹೆಂಡತಿಯ ಆ ಮೂರನೇ ಒಂದು ಪಾಲಿನ ಹಕ್ಕು ನೆಲಕ್ಕೆ ಅಂಟಿಕೊಂಡೇ ಇರುತ್ತಿತ್ತು. ಇಪ್ಪತ್ತು ವರ್ಷದ ಮೇಲೆ ಅವನು ಸತ್ತರೆ ಅವಳು ಬಂದು ಕೊಂಡವನನ್ನೇ ಕೇಳಬಹುದಾಗಿತ್ತು. ಹಾಗಾಗಿ ಬುದ್ಧಿವಂತ ಖರೀದಿದಾರ ಹೆಂಡತಿಯಿಂದಲೂ ಹಕ್ಕುಬಿಡುಗಡೆ ಬರೆಸಿಕೊಳ್ಳದೆ ಹಣ ಎಣಿಸುತ್ತಿರಲಿಲ್ಲ. ವರ್ಜೀನಿಯಾದಲ್ಲೂ ಅದನ್ನನುಸರಿಸಿದ ಕೆಂಟಕಿಯಲ್ಲೂ ಇದಕ್ಕೊಂದು ವಿಧಿಯಿತ್ತು. ಅಧಿಕಾರಿ ಹೆಂಡತಿಯನ್ನು ಗಂಡನಿಂದ ಬೇರೆ ಕರೆದು, ಅವನ ಕಣ್ಣು ಕಿವಿಗಳಿಂದ ದೂರದಲ್ಲಿ, ಪತ್ರವನ್ನು ಓದಿ ಹೇಳಿ ಕೇಳಬೇಕು: ನೀನು ಇದನ್ನು ಮನಸಾರೆ ಮಾಡುತ್ತಿದ್ದೀಯಾ? ಗಂಡನ ಹೆದರಿಕೆ ಬೆದರಿಕೆ ಏನಾದರೂ ಇದೆಯೆ? ಹೆಂಗಸು ಕೋರ್ಟಿಗೆ ಬರಲಾಗದ ಸ್ಥಿತಿಯಲ್ಲಿದ್ದರೆ, ಬಸುರಿಯೋ ಬಾಣಂತಿಯೋ ಆಗಿದ್ದರೆ, ನ್ಯಾಯಾಧಿಕಾರಿಗಳನ್ನು ಅವಳ ಮನೆಗೇ ಕಳಿಸುವುದೂ ಇತ್ತು.

ಇದನ್ನು ಮೊದಲು ಓದಿದಾಗ ನನಗೆ ಸಂತೋಷವೇ ಆಯಿತು. ಗಂಡನನ್ನು ಆಚೆ ನಿಲ್ಲಿಸಿ ಹೆಂಡತಿಯನ್ನು ಕೇಳುವುದೆಂದರೆ ಸಾಮಾನ್ಯವೆ, ಅದೂ ಆ ಕಾಲದಲ್ಲಿ! ಆಮೇಲೆ ಯೋಚಿಸಿದೆ. ಆ ಕೋಣೆಯ ಬಾಗಿಲು ತೆರೆದ ಮೇಲೆ ಅವಳು ಯಾರ ಗಾಡಿಯಲ್ಲಿ ಯಾರ ಮನೆಗೆ ಹೋಗಬೇಕಾಗಿತ್ತು? ಬೇಡ ಎಂದರೆ ಅವತ್ತಿನ ರಾತ್ರಿ ಹೇಗೆ? ಹುಟ್ಟಿದೂರು ನೂರಾರು ಮೈಲಿ ದೂರದಲ್ಲಿ, ಬೆಟ್ಟದ ಆಚೆ. ಗುಮಾಸ್ತ ಬರೆಯುತ್ತಿದ್ದುದೂ ಒಂದೇ ಅಚ್ಚಿನ ಮಾತು: ತನ್ನ ಸ್ವಂತ ಇಚ್ಛೆಯಿಂದ, ಬಲವಂತವಿಲ್ಲದೆ ಎಂದು. ಅವಳು ಏನೆಂದಳೆಂಬುದು ಆ ಸಾವಿರಾರು ಪತ್ರಗಳಲ್ಲಿ ಎಲ್ಲಿಯೂ ಇಲ್ಲ. ವಿಧಿ ಹುಟ್ಟಿದ್ದು ಅವಳ ರಕ್ಷಣೆಗೆ ಎನ್ನುತ್ತಾರೆ. ಹೆಚ್ಚಾಗಿ ಅದು ಕೊಂಡವನ ನೆಮ್ಮದಿಗೆ ಒದಗಿತೆಂದು ನನ್ನ ಅಭಿಪ್ರಾಯ. ಆದರೂ ಇಲ್ಲದಿರುವುದಕ್ಕಿಂತ ಇದ್ದದ್ದೇ ಮೇಲು. ಒಂದು ಪ್ರಶ್ನೆಯನ್ನಾದರೂ ಅವಳನ್ನು ಕೇಳಬೇಕಾಗಿತ್ತಲ್ಲ.

ಈಗ ಥಾಮಸನ ಜಮೀನುಗಳಿಗೆ ಬರೋಣ. ಕೂಲಿಯ ದುಡ್ಡು ಉಳಿಸಿ 1803ರಲ್ಲಿ ಮಿಲ್ ಕ್ರೀಕ್ ಎಂಬಲ್ಲಿ 238 ಎಕರೆಯನ್ನು 118 ಪೌಂಡಿಗೆ ಕೊಂಡ. 1806ರಲ್ಲಿ ನ್ಯಾನ್ಸಿ ಹ್ಯಾಂಕ್ಸಳನ್ನು ಮದುವೆಯಾದ. 1808ರಲ್ಲಿ ಸಿಂಕಿಂಗ್ ಸ್ಪ್ರಿಂಗ್ ಎಂಬಲ್ಲಿ 200 ಡಾಲರ್ ನಗದು ಕೊಟ್ಟು ಇನ್ನೊಂದು ಜಮೀನು ಕೊಂಡ. 1809ರ ಫೆಬ್ರವರಿ 12ರಂದು ಅಬ್ರಹಾಂ ಹುಟ್ಟಿದ್ದು ಅಲ್ಲಿ. ಎರಡು ವರ್ಷದೊಳಗೆ ಅದರ ಹಿಂದಿನ ಮಾಲೀಕರಲ್ಲೊಬ್ಬನ ಬಾಕಿ ತೀರದ ತಕರಾರು ಎದ್ದಿತು. ಕೈ ಬದಲಾಯಿಸಿದ್ದ ನೆಲ. ನಡುವಿನವರು ಯಾರೋ ಹಣ ಕಟ್ಟಿಲ್ಲದಿದ್ದರೆ ಕಡೆಯವನ ತಲೆಗೆ ಬಂತು. ಸಂಸಾರ ನಾಬ್ ಕ್ರೀಕ್‌ಗೆ ಹೋಯಿತು. ಲಿಂಕನ್ನನಿಗೆ ನೆನಪಿದ್ದ ಮೊದಲ ಮನೆ ಅದು. ಅಲ್ಲಿ ನೆಲೆಯಾಗುವ ಹೊತ್ತಿಗೆ, 1815ರಲ್ಲಿ, ಫಿಲಡೆಲ್ಫಿಯಾದ ಒಬ್ಬ ಶ್ರೀಮಂತನ ವಾರಸುದಾರರು ಅದೂ ಸೇರಿದಂತೆ 10,000 ಎಕರೆ ತಮ್ಮದೆಂದು ಒಕ್ಕಲೆಬ್ಬಿಸುವ ದಾವೆ ಹೂಡಿದರು. ಆ ದಾವೆಯಲ್ಲಿ ಕಡೆಗೆ ಗೆದ್ದವನು ಥಾಮಸನೇ. ತೀರ್ಪು ಬರುವಾಗ ಅವನು ಊರು ಬಿಟ್ಟು ಎರಡು ವರ್ಷವಾಗಿತ್ತು.

ನಡುವೆ 1814ರ ಅಕ್ಟೋಬರಿನಲ್ಲಿ ಮಿಲ್ ಕ್ರೀಕಿನ ನೆಲವನ್ನು ಮಾರಿದರು. ಅಳತೆಯ ದೋಷದಿಂದ 38 ಎಕರೆ ಕರಗಿಹೋಗಿ, ಪತ್ರ ಆದದ್ದು 200 ಎಕರೆಗೆ, 100 ಪೌಂಡಿಗೆ. ಹನ್ನೊಂದು ವರ್ಷ ಇಟ್ಟುಕೊಂಡ ನೆಲವನ್ನು ಹದಿನೆಂಟು ಪೌಂಡು ಕಡಿಮೆಗೆ ಕೊಟ್ಟ ಲೆಕ್ಕ. ಆ ಪತ್ರದಲ್ಲಿ ಥಾಮಸ್ ತಿದ್ದಿತೀಡಿ ತನ್ನ ಹೆಸರು ಬರೆದಿದ್ದಾನೆ. ಪಕ್ಕದಲ್ಲಿ ಗುಮಾಸ್ತ ನ್ಯಾನ್ಸಿ ಲಿಂಕನ್ ಎಂದು ಬರೆದು ನಡುವೆ ಜಾಗ ಬಿಟ್ಟಿದ್ದಾನೆ. ಅಲ್ಲಿ ಎರಡು ಅಡ್ಡಗೀಟುಗಳ ಒಂದು ಗುರುತು. ಅಬ್ರಹಾಂ ಲಿಂಕನ್ನನ ತಾಯಿಯ ಕೈಬರಹ ಎಂದರೆ ಈ ಬಗೆಯ ಗೀಟೇ.

ಆ ಗೀಟನ್ನು ಹಾಕಿದಾಗ ಅವಳ ವಯಸ್ಸು ಮೂವತ್ತರ ಆಸುಪಾಸು. ಮೂರು ಹೆತ್ತು ಒಂದನ್ನು ಮಣ್ಣಿಗೆ ಕೊಟ್ಟಿದ್ದಳು. ಆ ನೆಲ ಕೊಂಡಾಗ ಅವಳು ಅವನ ಹೆಂಡತಿಯಾಗಿರಲಿಲ್ಲ. ಹುಟ್ಟುಪತ್ರದಲ್ಲಿ ಅವಳ ಹೆಸರಿಲ್ಲ. ಬಿಟ್ಟುಕೊಡುವ ಪತ್ರಕ್ಕೆ ಅವಳು ಬೇಕಾದಳು.

1816ರ ಚಳಿಗಾಲದ ಮೊದಲಲ್ಲಿ ಒಹಾಯೋ ನದಿ ದಾಟಿ ಇಂಡಿಯಾನಾಕ್ಕೆ ಬಂದರು. ಇಲ್ಲಿಯ ನೆಲದ ಲೆಕ್ಕವೇ ಬೇರೆ. 1785ರ ಭೂ ಶಾಸನದ ಪ್ರಕಾರ ಸರ್ಕಾರವೇ ಮೊದಲು ಅಳೆದು, ಆಮೇಲೆ ಮಾರಬೇಕು. ಆರು ಮೈಲಿ ಉದ್ದ ಆರು ಮೈಲಿ ಅಗಲದ ಟೌನ್‌ಷಿಪ್ಪು, ಅದರಲ್ಲಿ 640 ಎಕರೆಯ 36 ಚೌಕಗಳು, ಪ್ರತಿಯೊಂದಕ್ಕೂ ನಂಬರು. ಓಕ್ ಮರದ ಹಂಗಿಲ್ಲ. ಹದಿನಾರನೆಯ ಚೌಕವನ್ನು ಊರಿನ ಶಾಲೆಗೆಂದು ಮೀಸಲಿಟ್ಟಿದ್ದರು. ಈ ಒಂದು ವಾಕ್ಯಕ್ಕಾಗಿ ಆ ಶಾಸನದ ಮೇಲೆ ನನಗೆ ಪಕ್ಷಪಾತ. ಊರು ಹುಟ್ಟುವ ಮೊದಲೇ ಶಾಲೆಯ ಖರ್ಚಿಗೆ ಜಮೀನು! ಎರಡು ವರ್ಷದ ಮೇಲೆ, 1787ರ ವಾಯವ್ಯ ಶಾಸನದಲ್ಲಿ, ಉಯಿಲಿಲ್ಲದೆ ಸತ್ತವನ ಆಸ್ತಿ ಮಕ್ಕಳೆಲ್ಲರಿಗೂ ಸಮ ಎಂದು ಬರೆದರು. ವಿಧವೆಗೆ ಅದೇ ಮೂರನೇ ಒಂದು, ಅವಳ ಜೀವಮಾನದವರೆಗೆ.

ಆದರೆ ಆ ಚೊಕ್ಕ ಚೌಕಗಳ ಕೆಳಗಿನ ನೆಲವನ್ನೂ ಮೂಲನಿವಾಸಿಗಳಿಂದ ಒಪ್ಪಂದಗಳ ಮೂಲಕವೇ ಪಡೆದಿದ್ದರು. 1810ರಲ್ಲಿ ವಿನ್ಸೆನ್ಸ್ ಪಟ್ಟಣದಲ್ಲಿ ಷಾನೀ ನಾಯಕ ಟೆಕಂಸೆ, ಗವರ್ನರ್ ಹ್ಯಾರಿಸನ್ನನ ಎದುರು ನಿಂತು, ನೆಲ ಎಲ್ಲ ಕುಲಗಳಿಗೂ ಸೇರಿದ್ದು, ಒಂದಿಬ್ಬರು ಮುಖಂಡರಿಗೆ ಅದನ್ನು ಮಾರುವ ಹಕ್ಕಿಲ್ಲವೆಂದು ವಾದಿಸಿದ್ದ. 1813ರಲ್ಲಿ ಯುದ್ಧದಲ್ಲಿ ಸತ್ತ. 1817ರ ಅಕ್ಟೋಬರಿನಲ್ಲಿ ಅದೇ ವಿನ್ಸೆನ್ಸ್‌ನ ಭೂ ಕಚೇರಿಯಲ್ಲಿ ಥಾಮಸ್ ಲಿಂಕನ್ 160 ಎಕರೆಗೆ ಹೆಸರು ಬರೆಸಿದ. ಎಕರೆಗೆ 2 ಡಾಲರ್. ಮೊದಲು 16 ಡಾಲರ್, ಆಮೇಲೆ 64 ಕಟ್ಟಿದ. ಉಳಿದದ್ದನ್ನು ಕಟ್ಟಲಾರದೆ ಹತ್ತು ವರ್ಷ ಎಳೆದು, 1827ರಲ್ಲಿ ಅರ್ಧ ನೆಲ ಬಿಟ್ಟುಕೊಟ್ಟು ಉಳಿದ 80 ಎಕರೆಗೆ ಹಕ್ಕುಪತ್ರ ಪಡೆದ. ತಕರಾರಿಲ್ಲದ ಕಾಗದ ಅವನಿಗೆ ಸಿಕ್ಕಿದ್ದು ಅದೇ ಮೊದಲಿರಬೇಕು. ನೋಡಲು ನ್ಯಾನ್ಸಿ ಇರಲಿಲ್ಲ. 1818ರ ಅಕ್ಟೋಬರಿನಲ್ಲಿ, ವಿಷದ ಗಿಡ ತಿಂದ ಹಸುವಿನ ಹಾಲಿನಿಂದ ಬರುವ ಕಾಯಿಲೆಯಲ್ಲಿ ಅವಳು ತೀರಿಕೊಂಡಳು. ಥಾಮಸ್ ತಾನೇ ಪೆಟ್ಟಿಗೆ ಮಾಡಿ ಹತ್ತಿರದ ದಿಬ್ಬದಲ್ಲಿ ಹೂತ. ಹುಡುಗನಿಗೆ ಒಂಬತ್ತು ವರ್ಷ.

ಥಾಮಸ್ ವಿನ್ಸೆನ್ಸ್‌ಗೆ ಹೋದ ಅದೇ 1817ರ ಮೇ ತಿಂಗಳಲ್ಲಿ, ದಕ್ಷಿಣದಲ್ಲಿ ಚೆರೋಕಿ ಹೆಂಗಸರು ತಮ್ಮ ಗಂಡಸರ ಸಭೆಗೆ ಒಂದು ಮನವಿ ಕಳಿಸಿದರು. ಮುಂದಾಳು ನನ್‌ಯೆಹಿ, ಬಿಳಿಯರು ನ್ಯಾನ್ಸಿ ವಾರ್ಡ್ ಎಂದು ಕರೆದ ಮುದುಕಿ. ಇನ್ನು ಮೇಲೆ ನೆಲ ಬಿಟ್ಟುಕೊಡಬೇಡಿ, ಹಡೆದ ತಾಯಂದಿರಾಗಿ ಕೇಳುತ್ತಿದ್ದೇವೆ ಎಂಬುದು ಅದರ ಸಾರ. ಹಕ್ಕು ಬಿಡಲು ಒಪ್ಪಿಗೆಯೆ ಎಂದು ಕೇಳಿದಾಗ ಹೆಂಗಸರು ಇಲ್ಲವೆಂದದ್ದನ್ನು ನಾನು ಈ ಇಡೀ ಕಥೆಯಲ್ಲಿ ಕಂಡದ್ದು ಇಲ್ಲೊಂದೇ ಕಡೆ. ಅದೂ ಅವರನ್ನು ಯಾರೂ ಕೇಳಿರಲಿಲ್ಲ. ಎರಡೇ ವರ್ಷದಲ್ಲಿ ಇನ್ನಷ್ಟು ನೆಲ ಹೋಯಿತು. 1838ರಲ್ಲಿ ಸೈನಿಕರು ಆ ಜನರನ್ನು ಮನೆಗಳಿಂದ ಹೊರಗೆಳೆದು ಪಶ್ಚಿಮಕ್ಕೆ ನಡೆಸಿದರು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು.

ಮದುವೆಯಾದ ಹೆಣ್ಣು ಆಸ್ತಿ ಇಟ್ಟುಕೊಳ್ಳಬಹುದೆಂಬ ಕಾಯಿದೆಗೂ ಅಂಥದೇ ಜನರ ಸಂಬಂಧವಿದೆ. ಮಿಸಿಸಿಪಿಯಲ್ಲಿ ಚಿಕಸಾ ಜನಾಂಗದ ಬೆಟ್ಸಿ ಲವ್ ಎಂಬಾಕೆ ಜೇಮ್ಸ್ ಆಲನ್ ಎಂಬವನನ್ನು ತನ್ನ ಕುಲದ ಪದ್ಧತಿಯಂತೆ ಮದುವೆಯಾಗಿದ್ದಳು. ಗಂಡನ ಸಾಲಕ್ಕೆ ಸಾಲಗಾರ ಅವಳ ಆಸ್ತಿಯನ್ನು ಜಪ್ತಿ ಮಾಡಲು ಬಂದ. ಚಿಕಸಾಗಳಲ್ಲಿ ಹೆಂಡತಿಯ ಆಸ್ತಿ ಹೆಂಡತಿಯದೇ, ಗಂಡನ ಸಾಲಕ್ಕೆ ಸಲ್ಲದು ಎಂದು 1837ರಲ್ಲಿ ಹೈಕೋರ್ಟು ತೀರ್ಪು ಕೊಟ್ಟಿತು. 1839ರಲ್ಲಿ ಮಿಸಿಸಿಪಿ ಎಲ್ಲ ಹೆಂಡತಿಯರಿಗೂ ಅಂಥ ಹಕ್ಕಿನ ಕಾಯಿದೆ ಮಾಡಿತು. ಇದನ್ನು ಹೆಮ್ಮೆಯಿಂದ ಹೇಳಿ ಮುಗಿಸುವಂತಿಲ್ಲ. ಬೆಟ್ಸಿ ಕಾಪಾಡಿಕೊಂಡು ಮಗಳಿಗೆ ಬರೆದಿದ್ದ ಆ 'ಆಸ್ತಿ' ಟೋನಿ ಎಂಬ ಒಬ್ಬ ಗುಲಾಮ. ಆ ಕಾಯಿದೆಯ ಹೆಚ್ಚಿನ ಮಾತೂ ಗುಲಾಮರನ್ನು ಕುರಿತದ್ದೇ. ಒಬ್ಬಳ ಹಕ್ಕುಪತ್ರದಲ್ಲಿ ಇನ್ನೊಬ್ಬನ ಜೀವ.

ಲಿಂಕನ್ನನ ಮಲತಾಯಿ ಸಾರಾ ಬುಷ್‌ಳ ವಿಷಯ ಕೊನೆಗಿಟ್ಟುಕೊಂಡೆ. 1819ರಲ್ಲಿ ಮೂರು ಮಕ್ಕಳ ವಿಧವೆ ಸಾರಾ ಥಾಮಸನನ್ನು ಮದುವೆಯಾಗಿ ಇಂಡಿಯಾನಾದ ಆ ಗುಡಿಸಲಿಗೆ ಬಂದಳು. ತನ್ನೊಂದಿಗೆ ಪುಸ್ತಕಗಳನ್ನೂ ತಂದಳು, ತನಗೆ ಓದಲು ಬಾರದಿದ್ದರೂ. ವಿಧವೆಯಾಗಿದ್ದಾಗ ಎಲಿಜಬೆತ್‌ಟೌನ್‌ನಲ್ಲಿ ಅವಳಿಗೊಂದು ಸಣ್ಣ ನಿವೇಶನವಿತ್ತು. ಕಾನೂನಿನಲ್ಲಿ ಕನ್ಯೆಗೂ ವಿಧವೆಗೂ ಆಸ್ತಿ ಇರಬಹುದು, ಸುಮಂಗಲಿಗೆ ಇಲ್ಲ. ಇಲಿನಾಯ್‌ಗೆ ಹೊರಡುವ ಮುಂಚೆ 1829ರಲ್ಲಿ ಅದನ್ನು ಗಂಡ ಹೆಂಡತಿ ಸೇರಿ 123 ಡಾಲರಿಗೆ ಮಾರಿದರು.

ಇಲಿನಾಯ್‌ನ ಗೂಸ್‌ನೆಸ್ಟ್ ಪ್ರೇರಿಯಲ್ಲಿ ಥಾಮಸನಿಗೆ ಕಡೆಗೆ 120 ಎಕರೆಯಾಯಿತು. ವಕೀಲನಾಗಿದ್ದ ಮಗ 1841ರಲ್ಲಿ ಅದರಲ್ಲಿ 40 ಎಕರೆಯನ್ನು ತಂದೆಯಿಂದಲೇ 200 ಡಾಲರಿಗೆ ಕೊಂಡ. ಪತ್ರದಲ್ಲಿ ಒಂದು ಷರತ್ತು ಸೇರಿಸಿದ: ತಂದೆ ತಾಯಿ ಇಬ್ಬರಲ್ಲಿ ಯಾರೊಬ್ಬರು ಬದುಕಿರುವವರೆಗೂ ನೆಲದ ಅನುಭವ ಅವರದೇ. ಸುಮ್ಮನೆ ಹಣ ಕೊಟ್ಟರೆ ಖರ್ಚಾಗುತ್ತದೆ, ನೆಲ ಅವರ ಹೆಸರಿನಲ್ಲೇ ಇದ್ದರೆ ಯಾರಾದರೂ ಮಾರಿಸುತ್ತಾರೆ ಎಂದು ಮೂರು ಜಮೀನು ಕಳೆದುಕೊಂಡ ಮನೆಯ ಮಗನಿಗೆ ಗೊತ್ತಿತ್ತು.

ಥಾಮಸ್ 1851ರ ಜನವರಿಯಲ್ಲಿ ಸತ್ತ. ಮಗ ಅಂತ್ಯಕ್ರಿಯೆಗೆ ಹೋಗಲಿಲ್ಲ. ತಂದೆ ಮಗನ ನಡುವೆ ಅಷ್ಟು ಹೊಂದಾಣಿಕೆಯಿರಲಿಲ್ಲ. ಉಳಿದ 80 ಎಕರೆಯಲ್ಲಿ ತನ್ನ ಪಾಲನ್ನು ಸಾರಾಳ ಸ್ವಂತ ಮಗ ಜಾನ್ ಜಾನ್ಸ್‌ಟನ್ನನಿಗೆ ಒಂದು ಡಾಲರಿಗೆ ಬರೆದುಕೊಟ್ಟ. ಅದರಲ್ಲೂ ತಾಯಿಯ ಡವರ್ ಹಕ್ಕನ್ನು ಹಾಗೇ ಉಳಿಸಿದ. ಅದೇ ನವೆಂಬರಿನಲ್ಲಿ ಜಾನ್ ಎಲ್ಲವನ್ನೂ ಮಾರಿ ಮಿಸೌರಿಗೆ ಹೋಗುವ ಮಾತಾಡಿದ. ಲಿಂಕನ್ ಬರೆದ ಕಾಗದಗಳು ಇಂದಿಗೂ ಇವೆ. ಮಿಸೌರಿಯ ನೆಲ ಇಲ್ಲಿಗಿಂತ ಹೇಗೆ ಮೇಲು, ಅಲ್ಲಿ ದುಡಿಯದೆ ಬೆಳೆ ಬರುತ್ತದೆಯೆ ಎಂದು ಮಲತಮ್ಮನನ್ನು ಝಾಡಿಸಿದ್ದಾನೆ. ಪೂರ್ವದ 40 ಎಕರೆ ತಾಯಿ ಬದುಕಿರುವವರೆಗೆ ಅವಳಿಗೇ ಇರಬೇಕು, ನೀನು ಉಳದಿದ್ದರೆ ಗುತ್ತಿಗೆ ಬಂದಾದರೂ ಅವಳ ಹೊಟ್ಟೆ ತುಂಬುತ್ತದೆ ಎಂದಿದ್ದಾನೆ. ಸ್ವಂತ ಮಗ ಮಾರಲು ಹೊರಟ, ಹೆರದ ಮಗ ಹಿಡಿದು ನಿಲ್ಲಿಸಿದ.

ಹನ್ನೊಂದು ವರ್ಷದ ಮೇಲೆ, 1862ರ ಮೇ 20ರಂದು, ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯಿದೆಗೆ ಸಹಿ ಹಾಕಿದ. ಸಣ್ಣ ಶುಲ್ಕ ಕಟ್ಟಿ ಐದು ವರ್ಷ ಉತ್ತರೆ 160 ಎಕರೆ. 21 ವರ್ಷ ತುಂಬಿದ ಅವಿವಾಹಿತೆಗೂ, ವಿಧವೆಗೂ, ಗಂಡ ಬಿಟ್ಟವಳಿಗೂ ಅದರಲ್ಲಿ ಅರ್ಜಿ ಹಾಕುವ ಹಕ್ಕಿತ್ತು. ಗಂಡನೊಡನೆ ಬಾಳುವವಳಿಗೆ ಮಾತ್ರ ಇರಲಿಲ್ಲ. ಮುಂದಿನ ದಶಕಗಳಲ್ಲಿ ಡಕೋಟಾ, ನೆಬ್ರಾಸ್ಕಾಗಳಲ್ಲಿ ಅನೇಕ ಶಾಲಾ ಮಾಸ್ತರಿಣಿಯರು ವಾರವೆಲ್ಲ ಪಾಠ ಮಾಡಿ, ತಮ್ಮ ಹೆಸರಿನ ನೆಲದ ಗುಡಿಸಲಿನಲ್ಲಿ ಒಬ್ಬರೇ ಮಲಗಿ ಹಕ್ಕುಪತ್ರ ಪಡೆದರು. ಆ ನೆಲಕ್ಕೂ ಮೊದಲ ಒಡೆಯರಿದ್ದರು, ಲಕೋಟಾ ಮುಂತಾದವರು.

ಸಾರಾ ಆ ನಲವತ್ತು ಎಕರೆಯ ಆಸರೆಯಲ್ಲಿ 1869ರವರೆಗೆ ಬದುಕಿದಳು. ನೆಲ ಅವಳ ಹೆಸರಿನಲ್ಲಿ ಎಂದೂ ಇರಲಿಲ್ಲ. ಷರತ್ತು ಬರೆದವನು ಸತ್ತು ನಾಲ್ಕು ವರ್ಷವಾಗಿದ್ದರೂ ಅವಳನ್ನು ಅಲ್ಲಿಂದ ಯಾರೂ ಎಬ್ಬಿಸಲಾಗಲಿಲ್ಲ.